ವಾರ್ಡಿನ ಒಳಗೆ ಶುರುವಾದ ವಾಂತಿಯನ್ನು ಎಣಿಸುವವರು ಯಾರು?

ಆಸ್ಪತ್ರೆಯ ಓಪಿಡಿಗೆ ಯಾರಾದರೂ ವಾಂತಿ-ಭೇದಿ ಅಂತ ಬಂದರೆ ಅವರು ಒಂದು ಲೆಕ್ಕಕ್ಕೆ ಸೇರುತ್ತಾರೆ. ಚೀಟಿ ಆಗುತ್ತದೆ, ಡಾಕ್ಟರು ಬರೆಯುತ್ತಾರೆ, ಆ ಸಂಖ್ಯೆ ಜಿಲ್ಲೆಯ ಸರ್ವೇಕ್ಷಣಾ ಘಟಕಕ್ಕೆ ಹೋಗುತ್ತದೆ. ಆದರೆ ಕಾಲು ಮುರಿದುಕೊಂಡು ಬಂದು ಮಲಗಿದವರಿಗೆ ನಾಲ್ಕನೇ ದಿನ ವಾರ್ಡಿನಲ್ಲೇ ವಾಂತಿ ಶುರುವಾದರೆ? ಅವರ ಕೇಸ್ ಪೇಪರಿನಲ್ಲಿ ಒಂದು ಸಾಲು ಬೀಳುತ್ತದೆ, ಒಂದು ಇಂಜೆಕ್ಷನ್ ಆಗುತ್ತದೆ, ಅಷ್ಟೇ. ಪಕ್ಕದ ಮಂಚದವರಿಗೂ ಶುರುವಾದರೆ ಅವರ ಪೇಪರಿನಲ್ಲಿ ಇನ್ನೊಂದು ಸಾಲು. ಈ ಎರಡು ಸಾಲನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸ ಸಾಮಾನ್ಯವಾಗಿ ಯಾರ ಪಾಲಿಗೂ ಬಂದಿರುವುದಿಲ್ಲ.

ಇದು ನನ್ನ ತಲೆಗೆ ಹೊಕ್ಕಿದ್ದು ಅಪ್ಪನ ಜೊತೆ ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಎಂಟು ದಿನ ಕಳೆದಾಗ. ಯಾವ ಆಸ್ಪತ್ರೆ ಅನ್ನುವುದು ಬೇಡ, ಬೇರೆ ಕಡೆ ಇದಕ್ಕಿಂತ ಚೆನ್ನಾಗಿರುತ್ತದೆ ಅಂತ ನನಗೇನೂ ಅನಿಸಿಲ್ಲ. ಸೊಂಟದ ಮೂಳೆಯ ಆಪರೇಷನ್, ಹದಿನಾಲ್ಕನೇ ನಂಬರಿನ ಮಂಚ. ಐದನೇ ರಾತ್ರಿ ಎದುರಿನ ಮಂಚದ ಅಜ್ಜನಿಗೆ ಇದ್ದಕ್ಕಿದ್ದಂತೆ ವಾಂತಿ, ಎದ್ದು ಕೂರುವಷ್ಟು ಪುರಸೊತ್ತೂ ಕೊಡದ ವಾಂತಿ. ಮರುದಿನ ಸಂಜೆ ಅದೇ ಸಾಲಿನ ಇನ್ನಿಬ್ಬರಿಗೆ. ಅದರ ಮರುದಿನ ನನಗೆ. "ಹೊರಗಿಂದೇನರ ತಿಂದೀರೇನ್ರಿ?" ಅಂತ ಡಾಕ್ಟರು ಕೇಳಿದರು. ನಾನು ತಿಂದದ್ದು ಮನೆಯ ಬುತ್ತಿ, ರೊಟ್ಟಿ ಮತ್ತು ಜುಣಕ. ಅದೇ ಬುತ್ತಿ ತಿಂದ ಅವ್ವನಿಗೆ ಏನೂ ಆಗಲಿಲ್ಲ. ಎರಡು ದಿನ ಒದ್ದಾಡಿಸಿ ಹೊಟ್ಟೆ ತಾನೇ ಸರಿಹೋಯಿತು. ಯಾರ ಮಲವನ್ನೂ ಪರೀಕ್ಷೆಗೆ ಕಳಿಸಲಿಲ್ಲ. ಹಾಗಾಗಿ ಅದಕ್ಕೆ ಹೆಸರೂ ಇಲ್ಲ.

ಹೀಗೆ ಬಂದು, ಹೀಗೆ ಹಬ್ಬಿ, ಹೀಗೆ ಹೋಗುವ ಕಾಯಿಲೆಗಳ ಪಟ್ಟಿಯಲ್ಲಿ ಮೊದಲು ಬರುವ ಹೆಸರು ನೊರೊವೈರಸ್. 1968ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯಲ್ಲಿ ಮಕ್ಕಳು ಸಾಲಾಗಿ ವಾಂತಿ ಮಾಡಿಕೊಂಡರು. ಅಲ್ಲಿಂದ ಕಾಯ್ದಿಟ್ಟ ಮಾದರಿಯಲ್ಲಿ 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ವೈರಸ್ಸನ್ನು ಕಂಡರು. ಊರಿನ ಹೆಸರೇ ವೈರಸ್ಸಿಗೂ ಅಂಟಿತು. ಇವತ್ತು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 68 ಕೋಟಿ ಜನರಿಗೆ ಇದು ತಗಲುತ್ತದೆ ಎಂಬುದು ಒಂದು ಅಂದಾಜು. ಸಾಯುವವರು ಸುಮಾರು ಎರಡು ಲಕ್ಷ, ಅದರಲ್ಲಿ 50 ಸಾವಿರ ಮಕ್ಕಳು, ಹೆಚ್ಚಿನವರು ನಮ್ಮಂಥ ದೇಶಗಳವರು. ಗಟ್ಟಿ ಮೈಯವರಿಗೆ ಇದು ಎರಡು ದಿನದ ಗೋಳು. ಆಪರೇಷನ್ ಆಗಿ ಮಲಗಿದ, ಶುಗರ್ ಇರುವ, ಕಿಡ್ನಿ ಸೋತಿರುವ ಎಪ್ಪತ್ತರ ಅಜ್ಜನಿಗೆ ಆ ಎರಡು ದಿನ ಬೇರೆಯೇ ಲೆಕ್ಕ.

ಆಸ್ಪತ್ರೆ ಅಂದರೆ ಈ ವೈರಸ್ಸಿಗೆ ಹಬ್ಬ. ಹತ್ತಿಪ್ಪತ್ತು ಕಣ ಒಳಗೆ ಹೋದರೂ ಸಾಕು, ಕಾಯಿಲೆ ಬರಬಹುದು. ಕಾಯಿಲೆ ಬಿದ್ದವರ ಒಂದು ಗ್ರಾಂ ಮಲದಲ್ಲಿ ಕೋಟಿಗಟ್ಟಲೆ ಕಣಗಳಿರುತ್ತವೆ. ವಾಂತಿಯಾದಾಗ ಸಣ್ಣ ಹನಿಗಳು ಗಾಳಿಗೆ ಹಾರಿ ಮಂಚದ ಕಂಬಿ, ಸಲಾಯಿನ್ ಸ್ಟ್ಯಾಂಡು, ಪಕ್ಕದವರ ನೀರಿನ ಬಾಟಲಿ ಎಲ್ಲದರ ಮೇಲೂ ಕೂರುತ್ತವೆ. ಒಳಗೆ ಹೋದ ಮೇಲೆ 12ರಿಂದ 48 ಗಂಟೆಯೊಳಗೆ ಲಕ್ಷಣ ಶುರು. ವಾಂತಿ ನಿಂತ ಮೇಲೂ ಎರಡು ವಾರ, ಕೆಲವರಲ್ಲಿ ಅದಕ್ಕಿಂತ ಜಾಸ್ತಿ ದಿನ, ಮಲದಲ್ಲಿ ವೈರಸ್ ಹೋಗುತ್ತಲೇ ಇರುತ್ತದೆ. ಮೂವತ್ತು ಮಂಚಕ್ಕೆ ಎರಡು ಸಂಡಾಸ ಇರುವ ವಾರ್ಡನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ.

ಕೊರೊನಾ ಕಾಲ ಕಲಿಸಿದ ಪಾಠ ಇಲ್ಲಿ ಅರ್ಧ ಕೈಕೊಡುತ್ತದೆ. ಕೊರೊನಾ ವೈರಸ್ಸಿನ ಮೇಲೆ ಕೊಬ್ಬಿನ ಒಂದು ಪೊರೆ ಇದೆ, ಸ್ಯಾನಿಟೈಸರಿನ ಆಲ್ಕೋಹಾಲ್ ಅದನ್ನು ಕರಗಿಸಿಬಿಡುತ್ತದೆ. ನೊರೊಗೆ ಆ ಪೊರೆಯೇ ಇಲ್ಲ. ಹಾಗಾಗಿ ಮಂಚಕ್ಕೊಂದು ಸ್ಯಾನಿಟೈಸರ್ ಬಾಟಲಿ ತೂಗುಹಾಕಿದರೂ ಅದನ್ನು ನಂಬಿ ಕೂರುವ ಹಾಗಿಲ್ಲ. ಸೋಪು ಹಚ್ಚಿ, ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ಸೋಪು ಅದನ್ನು ಕೊಲ್ಲುತ್ತದೆ ಅಂತಲ್ಲ, ಕೈಯಿಂದ ಕಿತ್ತು ನೀರಿನ ಜೊತೆ ಕಳಿಸುತ್ತದೆ. ನೆಲಕ್ಕೂ ಫಿನಾಯಿಲ್ ವಾಸನೆ ಬಂದರೆ ಸಾಲದು, ಕ್ಲೋರಿನ್ ಬೇಕು, ಅದೂ 1,000ದಿಂದ 5,000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ. ವಾರ್ಡಿನವರು ಹೈಪೋ ಅನ್ನುತ್ತಾರಲ್ಲ, ಅದೇ. 5% ಹೈಪೋ ಆದರೆ ಲೀಟರ್ ನೀರಿಗೆ 20 ಮಿ.ಲೀ. ಹಾಕಿದರೆ ಸುಮಾರು 1,000, 100 ಮಿ.ಲೀ. ಹಾಕಿದರೆ ಸುಮಾರು 5,000. ಬಿಸಿಲಿಗೆ, ಸೆಕೆಗೆ ಅದರ ಶಕ್ತಿ ಇಳಿಯುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ನಿನ್ನೆ ಕಲಸಿಟ್ಟ ಬಕೆಟ್ ಇವತ್ತು ಬರೀ ನೀರು ಅಂದುಕೊಳ್ಳುವುದೇ ವಾಸಿ.

ತೊಳೆಯುವ ಮಾತು ಎಲ್ಲರೂ ಹೇಳುತ್ತಾರೆ. ನನಗೆ ಬೇಕಿರುವುದು ಎಣಿಸುವ ಮಾತು. ಯಾಕೆಂದರೆ ಎಷ್ಟು ತೊಳೆಯಬೇಕು, ಎಲ್ಲಿ, ಯಾವಾಗಿನಿಂದ ಅನ್ನುವುದು ಎಣಿಸಿದ ಮೇಲೆ ಮಾತ್ರ ಗೊತ್ತಾಗುತ್ತದೆ.

ಇಂಗ್ಲೆಂಡಿನವರು 2009ರಲ್ಲಿ ಇದಕ್ಕಂತಲೇ ಒಂದು ವ್ಯವಸ್ಥೆ ಶುರು ಮಾಡಿದರು. ಆಸ್ಪತ್ರೆಗಳು ತಮ್ಮಲ್ಲಿ ನೊರೊ ಹಬ್ಬಿದೆ ಎಂಬ ಅನುಮಾನ ಬಂದ ಕೂಡಲೇ ಕಂಪ್ಯೂಟರಿನಲ್ಲಿ ಒಂದು ವರದಿ ತುಂಬುತ್ತವೆ. ಎಷ್ಟು ರೋಗಿಗಳು, ಎಷ್ಟು ಸಿಬ್ಬಂದಿ, ವಾರ್ಡ್ ಮುಚ್ಚಿದರಾ, ಎಷ್ಟು ಮಂಚ ಎಷ್ಟು ದಿನ ಖಾಲಿ ಇಡಬೇಕಾಯಿತು. ಗಮನಿಸಬೇಕಾದದ್ದು ಆ ಅನುಮಾನ ಅನ್ನುವ ಮಾತು. ಲ್ಯಾಬಿನ ರಿಪೋರ್ಟಿಗೆ ಅವರು ಕಾಯುವುದಿಲ್ಲ. ರಿಪೋರ್ಟ್ ಬಂದರೆ ದೃಢ ಅಂತ ಸೇರಿಸುತ್ತಾರೆ, ಬರದಿದ್ದರೂ ಲೆಕ್ಕ ಲೆಕ್ಕವೇ. ಇದರ ಜೊತೆಗೆ ಚಳಿಗಾಲದಲ್ಲಿ ನೊರೊ ಲಕ್ಷಣ ಇರುವವರು ಎಷ್ಟು ಮಂಚದಲ್ಲಿದ್ದಾರೆ ಎಂಬ ದಿನದ ಲೆಕ್ಕವೂ ಹೊರಬರುತ್ತದೆ. 2025ರ ಫೆಬ್ರುವರಿಯ ಒಂದು ವಾರದಲ್ಲಿ ಅದು ದಿನಕ್ಕೆ ಸರಾಸರಿ 1,160ಕ್ಕೆ ಮುಟ್ಟಿತ್ತು, ಅಲ್ಲಿಯವರೆಗಿನ ದಾಖಲೆ ಅದು. ಆ ಸುದ್ದಿ ಓದಿದ ನಮ್ಮವರೊಬ್ಬರು "ನೋಡ್ರಿ, ಅಷ್ಟು ಮುಂದುವರಿದ ದೇಶದಾಗ ಏನಿದು ಹೊಲಸು" ಅಂದರು. ನನಗೆ ನಗು ಬಂತು. ಅಲ್ಲಿ ಜಾಸ್ತಿ ಇದೆ ಅಂತ ಆ ಸಂಖ್ಯೆ ಹೇಳುವುದಿಲ್ಲ, ಅಲ್ಲಿ ಎಣಿಸುತ್ತಾರೆ ಅಂತ ಹೇಳುತ್ತದೆ. ಅಷ್ಟು ಎಣಿಸುವ ಅವರಿಗೂ ಎಲ್ಲ ಸಿಗುವುದಿಲ್ಲ. ರಾಷ್ಟ್ರೀಯ ಲೆಕ್ಕಕ್ಕೆ ಬರುವ ಒಂದೊಂದು ನೊರೊ ಪ್ರಕರಣದ ಹಿಂದೆ ಜನರ ನಡುವೆ ಸುಮಾರು 288 ಪ್ರಕರಣ ಇರುತ್ತವೆ ಅಂತ ಅಲ್ಲಿಯದೇ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿತ್ತು.

ನಮ್ಮಲ್ಲಿ? ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ 2004ರಿಂದ ಇದೆ. ಅದನ್ನು ಆನ್‌ಲೈನ್ ಮಾಡಿದ ಐಎಚ್‌ಐಪಿ ಪೋರ್ಟಲ್ 2018ರಲ್ಲಿ ಮೊದಲು ಬಂದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಳ್ಳಿಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಎಸ್ ಫಾರ್ಮ್ ತುಂಬುತ್ತಾರೆ, ಡಾಕ್ಟರು ಪಿ ಫಾರ್ಮ್, ಲ್ಯಾಬಿನವರು ಎಲ್ ಫಾರ್ಮ್. ಕೆಟ್ಟ ವ್ಯವಸ್ಥೆ ಅಲ್ಲ. ಹಳ್ಳಿಯ ಕುಡಿಯುವ ನೀರಿನ ಪೈಪಿಗೆ ಚರಂಡಿ ಸೇರಿ ಐವತ್ತು ಜನ ಒಟ್ಟಿಗೆ ಬಿದ್ದರೆ ಅದು ಹಿಡಿಯುತ್ತದೆ. ಅದನ್ನು ಕಟ್ಟಿರುವುದೇ ಹಾಗೆ, ಊರಿನ ಕಡೆ ಮುಖ ಮಾಡಿ. ಆದರೆ ಪಿ ಫಾರ್ಮಿನಲ್ಲಿ ವಾಂತಿ-ಭೇದಿಯೆಲ್ಲ ತೀವ್ರ ಅತಿಸಾರ ಎಂಬ ಒಂದೇ ಮನೆಗೆ ಬೀಳುತ್ತದೆ, ಅದು ಊರಿಂದ ಬಂತಾ ವಾರ್ಡಿನಲ್ಲಿ ಹುಟ್ಟಿತಾ ಅನ್ನುವುದು ಆ ಸಂಖ್ಯೆಯಲ್ಲಿ ಕಾಣುವುದಿಲ್ಲ. ಇನ್ನೊಂದು ಕಡೆ ಆಸ್ಪತ್ರೆಯೊಳಗಿನ ಸೋಂಕುಗಳನ್ನೇ ನೋಡುವ ಐಸಿಎಂಆರ್-ಏಮ್ಸ್ ಜಾಲವೂ ಇದೆ. ಅದರ ಕಣ್ಣು ಐಸಿಯು ಕಡೆ. ರಕ್ತದ ಸೋಂಕು, ಮೂತ್ರನಾಳದ ಸೋಂಕು, ವೆಂಟಿಲೇಟರಿನಿಂದ ಬರುವ ನ್ಯುಮೋನಿಯಾ, ಹೀಗೆ. ಅವು ಜೀವ ತೆಗೆಯುವ ಸೋಂಕುಗಳು, ಮೊದಲು ಅವನ್ನೇ ನೋಡಬೇಕು, ಸರಿ. ಆದರೆ ಎರಡು ವ್ಯವಸ್ಥೆಗಳ ನಡುವೆ ಜನರಲ್ ವಾರ್ಡಿನ ವಾಂತಿ ಬಿದ್ದುಹೋಗಿದೆ.

ಹುಡುಕಿದರೆ ಸಿಗುತ್ತದೆ ಅನ್ನುವುದಕ್ಕೆ ಕೇರಳ ಇದೆ. 2021ರ ನವೆಂಬರಿನಲ್ಲಿ ವಯನಾಡಿನ ಪೂಕೋಡ್ ಪಶುವೈದ್ಯ ಕಾಲೇಜಿನ 13 ವಿದ್ಯಾರ್ಥಿಗಳಲ್ಲಿ ನೊರೊ ಸುದ್ದಿಯಾಯಿತು. ಮಾದರಿಗಳನ್ನು ಆಲಪ್ಪುಳದ ವೈರಾಣು ಸಂಸ್ಥೆಗೆ ಕಳಿಸಿದ್ದರು, ಅಲ್ಲಿ ಹೆಸರು ಸಿಕ್ಕಿತು. ಮುಂದೆ 2022ರಲ್ಲಿ ವಿಳಿಂಜಂನಲ್ಲಿ ಇಬ್ಬರು ಮಕ್ಕಳು, 2023ರ ಜನವರಿಯಲ್ಲಿ ಎರ್ನಾಕುಲಂನ ಒಂದು ಶಾಲೆ. ಆಗ ನಮ್ಮ ಕಡೆಯ ಟಿವಿಗಳು ಕೇರಳದಲ್ಲಿ ಹೊಸ ವೈರಸ್ ಅಂತ ಕಿರುಚಿದವು. ಅದು ಹೊಸದೂ ಅಲ್ಲ, ಕೇರಳದ್ದೂ ಅಲ್ಲ. ಘಟ್ಟದ ಆಚೆ ಇದ್ದು ಈಚೆ ಇಲ್ಲದಿರಲು ಅದಕ್ಕೆ ಚೆಕ್‌ಪೋಸ್ಟ್ ಅಡ್ಡ ಇದೆಯಾ?

ಯಂತ್ರ ಇಲ್ಲ ಅನ್ನುವ ನೆಪವೂ ಈಗ ನಡೆಯುವುದಿಲ್ಲ. ನೊರೊ ಪತ್ತೆಗೆ ಬೇಕಾದದ್ದು ಆರ್‌ಟಿ-ಪಿಸಿಆರ್. ಆ ಹೆಸರು 2020ರಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮಕ್ಕಳ ಬಾಯಲ್ಲೂ ಇತ್ತು. ಬೆಳಗಾವಿಯಲ್ಲಿರುವ ಐಸಿಎಂಆರ್‌ನ ಸಾಂಪ್ರದಾಯಿಕ ವೈದ್ಯ ಸಂಸ್ಥೆಯೇ ಆಗ ಕೊರೊನಾ ಪರೀಕ್ಷೆ ಮಾಡಿತು, ಮೆಡಿಕಲ್ ಕಾಲೇಜುಗಳಲ್ಲೂ ಲ್ಯಾಬ್ ಬಂದವು. ಯಂತ್ರ ಅದೇ, ಕಿಟ್ ಬೇರೆ. ಎಲ್ಲರ ಮಾದರಿಯೂ ಬೇಡ. ಒಂದು ವಾರ್ಡಿನಲ್ಲಿ ಹಬ್ಬಿದೆ ಅಂತ ಅನಿಸಿದರೆ ಹೊಸದಾಗಿ ಬಿದ್ದ ಐದಾರು ಜನರ ಮಲ ಸ್ವಚ್ಛ ಡಬ್ಬಿಯಲ್ಲಿ, ತಂಪಿನಲ್ಲಿಟ್ಟು ಕಳಿಸಿದರೆ ಸಾಕು. ಅದರಲ್ಲಿ ಎರಡು ಪಾಸಿಟಿವ್ ಬಂದರೆ ಉಳಿದವರದ್ದೂ ಅದೇ ಅಂತ ಹಿಡಿಯಬಹುದು. ಇನ್ನೂ ಮುಂದೆ ಹೋಗಿ ತಳಿ ಗುರುತಿಸಿದರೆ ಎರಡು ವಾರ್ಡಿನದ್ದು ಒಂದೇ ಸರಪಳಿಯಾ, ಬೇರೆ ಬೇರೆಯಾ ಅನ್ನುವುದೂ ತಿಳಿಯುತ್ತದೆ. 1990ರ ದಶಕದ ನಡುವಿನಿಂದ ಜಗತ್ತಿನಲ್ಲಿ ಜಿಐಐ.4 ಎಂಬ ತಳಿಯದ್ದೇ ಕಾರುಬಾರು, 2024ರಲ್ಲಿ ಇಂಗ್ಲೆಂಡಿನಲ್ಲಿ ಜಿಐಐ.17 ಕೆಲಕಾಲ ಅದನ್ನು ಹಿಂದಿಕ್ಕಿತ್ತು. ಆದರೆ ಇದು ಎರಡನೇ ಹೆಜ್ಜೆ.

ಮೊದಲ ಹೆಜ್ಜೆಗೆ ಯಂತ್ರ ಬೇಡ, ಒಂದು ನೋಟ್‌ಬುಕ್ ಸಾಕು. ಲೈನ್ ಲಿಸ್ಟ್ ಅನ್ನುತ್ತಾರೆ ಅದಕ್ಕೆ. ಮಂಚದ ನಂಬರ್, ಆಸ್ಪತ್ರೆಗೆ ಸೇರಿದ ದಿನ, ವಾಂತಿ ಅಥವಾ ಭೇದಿ ಶುರುವಾದ ದಿನ ಮತ್ತು ಗಂಟೆ, ನಿಂತ ಗಂಟೆ. ಇಷ್ಟೇ. ನನ್ನ ಮಟ್ಟಿಗೆ ಇದರಲ್ಲಿ ಅತಿ ಬೆಲೆಯುಳ್ಳದ್ದು ಗಂಟೆಯ ಕಾಲಂ. ಗಂಟೆಗಳನ್ನು ಒಂದು ಸಾಲಿನಲ್ಲಿ ಜೋಡಿಸಿ ನೋಡಿ. ಎಲ್ಲರೂ ಹೆಚ್ಚುಕಡಿಮೆ ಒಂದೇ ರಾತ್ರಿ ಬಿದ್ದಿದ್ದರೆ, ಗ್ರಾಫ್ ಗುಡ್ಡದ ಹಾಗೆ ಒಮ್ಮೆ ಎದ್ದು ಇಳಿದರೆ, ಅನುಮಾನ ಅಡುಗೆಮನೆಯ ಮೇಲೆ ಅಥವಾ ನೀರಿನ ಟ್ಯಾಂಕಿನ ಮೇಲೆ. ಒಂದಿಬ್ಬರು ಮೊದಲು, ಒಂದೂವರೆ ದಿನ ಬಿಟ್ಟು ನಾಲ್ಕು ಜನ, ಮತ್ತೆ ಒಂದೂವರೆ ದಿನ ಬಿಟ್ಟು ಇನ್ನಷ್ಟು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬಂದರೆ ಅದು ಒಬ್ಬರಿಂದ ಒಬ್ಬರಿಗೆ ದಾಟುತ್ತಿದೆ. ಅಪ್ಪನ ವಾರ್ಡಿನದ್ದು ಎರಡನೇ ಥರದ್ದು. ಹೊರಗಿನ ಊಟ ಕಾರಣ ಆಗಿದ್ದರೆ ಬೇರೆ ಬೇರೆ ಮನೆಯ ಬುತ್ತಿ ತಿನ್ನುವ ನಾಲ್ಕು ಜನ ಒಬ್ಬರಾದ ಮೇಲೆ ಒಬ್ಬರು ಬೀಳುತ್ತಿರಲಿಲ್ಲ, ಅಲ್ವಾ? ಆಮೇಲೆ ಮಂಚಗಳ ನಕ್ಷೆ. ಬಿದ್ದವರ ಮಂಚಕ್ಕೆ ಒಂದೊಂದು ಚುಕ್ಕಿ ಇಟ್ಟರೆ ಚುಕ್ಕಿಗಳು ಒಂದು ಸಂಡಾಸದ ಸುತ್ತ ಕೂಡುತ್ತವಾ, ಒಬ್ಬರೇ ಡ್ರೆಸ್ಸಿಂಗ್ ಮಾಡಿದ ಸಾಲಿನಲ್ಲಿ ಕೂಡುತ್ತವಾ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಈ ಪುಸ್ತಕದಿಂದಲೇ ನೊರೊ ಇರಬಹುದಾ ಅಂತ ಊಹಿಸಲು ಒಂದು ಹಳೆಯ ಸೂತ್ರವಿದೆ, 1982ರದ್ದು, ಕಪ್ಲಾನ್ ಸೂತ್ರ. ಅರ್ಧಕ್ಕಿಂತ ಜಾಸ್ತಿ ಜನರಿಗೆ ವಾಂತಿ ಇರಬೇಕು. ಸೋಂಕು ತಗಲಿ ಲಕ್ಷಣ ಬರಲು ಸರಾಸರಿ 24ರಿಂದ 48 ಗಂಟೆ ಹಿಡಿದಿರಬೇಕು, ಕಾಯಿಲೆ ಸರಾಸರಿ 12ರಿಂದ 60 ಗಂಟೆಯಲ್ಲಿ ಮುಗಿದಿರಬೇಕು, ಮಲದಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಸಿಕ್ಕಿರಬಾರದು. ಅಮೆರಿಕದಲ್ಲಿ ಆಹಾರದಿಂದ ಹಬ್ಬಿದ ಪ್ರಕರಣಗಳ ಮೇಲೆ ಇದನ್ನು ಒರೆಗೆ ಹಚ್ಚಿದಾಗ, ನೊರೊ ಅಲ್ಲದ್ದನ್ನು ನೊರೊ ಅಂತ ಇದು ಕರೆದದ್ದು ತೀರಾ ಅಪರೂಪ. ಆದರೆ ನಿಜವಾದ ನೊರೊದಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಇದರ ಕೈಗೆ ಸಿಗದೆ ಜಾರಿತು. ಬಡವರ ಲ್ಯಾಬ್ ಅಂತ ನೋಡಿದರೆ ಏನೂ ಕಡಿಮೆ ಅಲ್ಲ. ಒಂದು ಎಚ್ಚರ ಮಾತ್ರ ಬೇಕು. ಸೂತ್ರದ ನಾಲ್ಕನೇ ಮಾತನ್ನು ನಮ್ಮಲ್ಲಿ ಹಾರಿಸುವ ಹಾಗಿಲ್ಲ. ಕಾಲರಾ ನಮ್ಮ ಕಡೆ ಹಳೆಯ ಕಥೆಯಲ್ಲ. ಅಕ್ಕಿ ತೊಳೆದ ನೀರಿನಂಥ ಭೇದಿ ಬಕೆಟ್‌ಗಟ್ಟಲೆ ಹೋಗುತ್ತಿದ್ದರೆ ಆಗ ನೊರೊ ಅಂದುಕೊಂಡು ಸುಮ್ನೆ ಕೂತರೆ ಜೀವ ಹೋಗುತ್ತದೆ. ಮೊದಲು ಸಲಾಯಿನ್, ಜೊತೆಗೇ ಮಲದ ಪರೀಕ್ಷೆ.

ಇನ್ನೊಂದು ಮಾತು. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ, ಮಹಾರಾಷ್ಟ್ರದಿಂದ, ಆಂಧ್ರದಿಂದ. ಅಲ್ಲಿ ಒಂದು ಪಂಕ್ತಿಯಲ್ಲಿ ಕೂತವರಿಗೆ ನೊರೊ ತಗಲಿದರೆ ವಾಂತಿ ಶುರುವಾಗುವ ಹೊತ್ತಿಗೆ ಒಬ್ಬರು ಸೊಲ್ಲಾಪುರದಲ್ಲಿ, ಒಬ್ಬರು ಇಳಕಲ್ಲಿನಲ್ಲಿ, ಒಬ್ಬರು ಇನ್ನೂ ಬಸ್ಸಿನಲ್ಲಿ ಇರುತ್ತಾರೆ. ಪ್ರತಿ ಆಸ್ಪತ್ರೆಗೂ ಒಂದೊಂದೇ ಕೇಸು. ಅಂಥದ್ದನ್ನು ಹಿಡಿಯುವುದು ಯಾರಿಗಾದರೂ ಕಷ್ಟ. ವಾರ್ಡ್ ಹಾಗಲ್ಲ. ಇಲ್ಲಿ ಎಲ್ಲರೂ ನಂಬರ್ ಬರೆದ ಮಂಚದ ಮೇಲೆ ಮಲಗಿಯೇ ಇರುತ್ತಾರೆ, ಗಂಟೆಗೊಮ್ಮೆ ಯಾರಾದರೂ ಬಂದು ನೋಡುತ್ತಾರೆ. ಎಣಿಸಲು ಇದಕ್ಕಿಂತ ಸುಲಭದ ಜಾಗ ಇಲ್ಲ. ಅಲ್ಲೇ ಎಣಿಸುತ್ತಿಲ್ಲ.

ಇಂಗ್ಲೆಂಡಿನ ಫಾರ್ಮನ್ನು ಹಾಗೇ ತಂದು ಇಲ್ಲಿ ಅಂಟಿಸಿದರೆ ಆಗುವುದಿಲ್ಲ. ಅದರಲ್ಲಿ ರೋಗಿ ಇದ್ದಾರೆ, ಸಿಬ್ಬಂದಿ ಇದ್ದಾರೆ. ನಾನು ಯಾರು? ನಮ್ಮ ಕಡೆ ಒಬ್ಬ ಪೇಷಂಟ್ ಜೊತೆ ಇಬ್ಬರು ಇರುತ್ತಾರೆ. ಮಂಚದ ಕೆಳಗೆ ಚಾಪೆ ಹಾಕಿ ಮಲಗುತ್ತಾರೆ, ಸಂಡಾಸಕ್ಕೆ ಹಿಡಿದುಕೊಂಡು ಹೋಗುತ್ತಾರೆ, ವಾಂತಿಯ ಡಬ್ಬಿ ಚೆಲ್ಲಿ ಬರುತ್ತಾರೆ, ಬಟ್ಟೆ ಹಿಂಡುತ್ತಾರೆ, ಅದೇ ಕೈಯಲ್ಲಿ ಬುತ್ತಿ ಬಿಚ್ಚಿ ಪಕ್ಕದ ಮಂಚದವರಿಗೂ ಒಂದು ರೊಟ್ಟಿ ಕೊಡುತ್ತಾರೆ. ಸಿಸ್ಟರಿಗಿಂತ ಜಾಸ್ತಿ ಆರೈಕೆ ಮಾಡುವವರು ಇವರೇ, ಸಿಸ್ಟರಿಗಿಂತ ಜಾಸ್ತಿ ಓಡಾಡುವವರೂ ಇವರೇ. ಇವರಿಗೆ ವಾಂತಿಯಾದರೆ ಮನೆಗೆ ಹೋಗುತ್ತಾರೆ, ಬದಲಿಗೆ ತಮ್ಮನೋ ಅಳಿಯನೋ ಬರುತ್ತಾನೆ. ವೈರಸ್ ಸಿಂದಗಿಗೋ ತಾಳಿಕೋಟೆಗೋ ಹೊರಟುಹೋಗುತ್ತದೆ, ಯಾವ ಪುಸ್ತಕದಲ್ಲೂ ಬರೆಸಿಕೊಳ್ಳದೆ. ಅವ್ವನಿಗೆ ಯಾಕೆ ಏನೂ ಆಗಲಿಲ್ಲ ಅಂದರೆ, ತನ್ನ ಮಜ್ಜಿಗೆ ಕಾಯಿತು ಅನ್ನುತ್ತಾಳೆ. ಎಫ್‌ಯುಟಿ2 ಎಂಬ ಜೀನ್ ಕೆಲಸ ಮಾಡದವರಿಗೆ ಹಲವು ನೊರೊ ತಳಿಗಳು ಅಂಟುವುದೇ ಇಲ್ಲ ಅಂತ ನಾನು ಓದಿ ಹೇಳಿದೆ. ಮಜ್ಜಿಗೆಯೇ ಗೆದ್ದಿತು.

ಸಿಬ್ಬಂದಿಯ ಕಾಲಂನಲ್ಲೂ ಒಂದು ತೊಡಕಿದೆ, ಮತ್ತು ನನ್ನ ಪ್ರಕಾರ ಇಡೀ ವಿಷಯದ ಗಂಟು ಅಲ್ಲೇ. ವಾಂತಿ-ಭೇದಿ ನಿಂತ ಮೇಲೂ 48 ಗಂಟೆ ಕೆಲಸಕ್ಕೆ ಬರಬಾರದು ಅನ್ನುವುದು ಎಲ್ಲ ಕಡೆ ಹೇಳುವ ನಿಯಮ. ನಮ್ಮ ವಾರ್ಡ್ ಒರೆಸುತ್ತಿದ್ದ ಆಯಾ ಮುಖ ಬಾಡಿಸಿಕೊಂಡು ಗೋಡೆಗೆ ಒರಗಿದ್ದರು. ಕೇಳಿದರೆ ಮುಂಜಾನೆಯಿಂದ ಮೂರು ಸಲ ಉಲ್ಟಿ ಆಗಿದೆ ಅಂದರು. ಮನೆಗೆ ಹೋಗಬಾರದಾ ಅಂದೆ. "ಬರ್ಲಿಲ್ಲಂದ್ರ ಪಗಾರ ಕಟ್ ಆಗ್ತೈತ್ರಿ." ಗುತ್ತಿಗೆಯ ಕೆಲಸ, ಎರಡು ದಿನದ ರಜೆ ಅಂದರೆ ಎರಡು ದಿನದ ಕೂಲಿ ಹೋಯಿತು. ಇಂಥವರ ಮುಂದೆ ಫಾರ್ಮ್ ಹಿಡಿದು "ನಿಮಗೆ ವಾಂತಿ ಇದೆಯಾ?" ಅಂತ ಕೇಳಿದರೆ ಬರುವ ಉತ್ತರ ಇಲ್ಲ ಎಂದೇ. ಆ ಇಲ್ಲಗಳನ್ನೆಲ್ಲ ಕೂಡಿಸಿ ಮೇಲಿನವರಿಗೆ ಸೊನ್ನೆ ಅಂತ ಕಳಿಸಬಹುದು. ನೋಡಲು ಚಂದದ ಸೊನ್ನೆ. ಆ ಎರಡು ದಿನದ ಕೂಲಿಯನ್ನು ಆಸ್ಪತ್ರೆ ಕೊಡುತ್ತದೆ ಎಂಬ ಒಂದು ಸಾಲು ಗುತ್ತಿಗೆಯ ಕಾಗದದಲ್ಲಿ ಇದ್ದರೆ ಯಾವ ಸಾಫ್ಟ್‌ವೇರಿಗಿಂತಲೂ ಜಾಸ್ತಿ ಮಾಹಿತಿ ಸಿಗುತ್ತದೆ.

ಆಸ್ಪತ್ರೆಗಳಿಗೂ ಇದೇ ಭಯ, ದೊಡ್ಡ ಅಳತೆಯಲ್ಲಿ. ನಮ್ಮಲ್ಲಿ ಹಬ್ಬಿದೆ ಅಂತ ಹೇಳಿದ ಆಸ್ಪತ್ರೆಯ ಹೆಸರು ಮರುದಿನ ಪೇಪರಿನಲ್ಲಿ, ಸುಮ್ಮನಿದ್ದ ಆಸ್ಪತ್ರೆ ಸ್ವಚ್ಛ. ಇಂಗ್ಲೆಂಡಿನಲ್ಲೂ ಆ ವರದಿ ಕಡ್ಡಾಯವಲ್ಲ, ಮನಸ್ಸಿದ್ದವರು ಕೊಡುವುದು. ಅದಕ್ಕೇ ಅಲ್ಲಿಯೂ ಯಾವ ಆಸ್ಪತ್ರೆ ಜಾಸ್ತಿ ಬರೆಯಿತು ಅನ್ನುವುದನ್ನು ಯಾವ ಆಸ್ಪತ್ರೆ ಕೆಟ್ಟದ್ದು ಅಂತ ಓದುವ ಹಾಗಿಲ್ಲ. ಸರಕಾರಿ ಆಸ್ಪತ್ರೆಗಳ ಸ್ವಚ್ಛತೆಗೆ ಕೊಡುವ ಕಾಯಕಲ್ಪ ಪ್ರಶಸ್ತಿಯಲ್ಲಿ ಸೋಂಕು ನಿಯಂತ್ರಣಕ್ಕೆ ಅಂಕ ಇದೆಯಲ್ಲ, ಹಬ್ಬಿದ್ದನ್ನು ಮೊದಲ 48 ಗಂಟೆಯಲ್ಲಿ ತಾವೇ ಗುರುತಿಸಿ ಹೇಳಿದವರಿಗೆ ಅಂಕ ಸೇರಿಸಬೇಕು, ಕಳೆಯಬಾರದು. ಬೇಗ ಗೊತ್ತಾದರೆ ಮಾಡಲು ಕೆಲಸವೂ ಇದೆ. ಇಂಗ್ಲೆಂಡಿನಲ್ಲಿ 2012ರ ಮಾರ್ಗಸೂಚಿಯ ನಂತರ ಇಡೀ ವಾರ್ಡ್ ಮುಚ್ಚುವ ಬದಲು ಅದರೊಳಗಿನ ಸಣ್ಣ ಕೋಣೆಗಳನ್ನು ಮಾತ್ರ ಮುಚ್ಚುವ ರೂಢಿ ಬಂತು. ನಮ್ಮ ವಾರ್ಡ್ ಅಂದರೆ ಒಂದೇ ಉದ್ದ ಹಾಲು, ಮುಚ್ಚಲು ಕೋಣೆ ಎಲ್ಲಿದೆ? ಆದರೆ ಬಿದ್ದವರು ಇಬ್ಬರೇ ಇದ್ದಾಗ ಅವರನ್ನು ಒಂದು ಮೂಲೆಗೆ ಸರಿಸಿ ಒಂದು ಸಂಡಾಸ ಅವರಿಗೇ ಬಿಡಬಹುದು, ಆ ಮೂಲೆಗೆ ಬೇರೆ ಬಕೆಟ್, ಬೇರೆ ಒರೆಸುವ ಬಟ್ಟೆ ಕೊಡಬಹುದು. ಹನ್ನೆರಡು ಜನ ಬಿದ್ದ ಮೇಲೆ ಮೂಲೆಯೇ ಉಳಿದಿರುವುದಿಲ್ಲ.

ನಮ್ಮ ಕಾಕಾನ ಮಗಳು ಬೆಳಗಾವಿಯಲ್ಲಿ ಸ್ಟಾಫ್ ನರ್ಸ್. ಇದನ್ನೆಲ್ಲ ಫೋನಿನಲ್ಲಿ ಅವಳಿಗೆ ಒಂದು ತಾಸು ಕೊರೆದೆ. ಪೂರ್ತಿ ಕೇಳಿಸಿಕೊಂಡು ಅಂದಳು, "ಅಣ್ಣಾ, ರಾತ್ರಿ ನಲವತ್ತು ಮಂದಿಗೆ ನಾ ಒಬ್ಬಾಕಿ. ಹೊಸಾ ಪುಸ್ತಕ ಬರ್ಯೂದು ಯಾವಾಗ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವಳೇ ಹೇಳಿದಳು. ಡ್ಯೂಟಿ ಬದಲಾಗುವಾಗ ಓವರ್ ಕೊಡುವ ಪುಸ್ತಕದಲ್ಲಿ ಹೇಗೂ ಪ್ರತಿ ಮಂಚಕ್ಕೊಂದು ಸಾಲು ಬರೆಯುತ್ತಾರೆ. ವಾಂತಿ-ಭೇದಿ ಒಳಗೇ ಶುರುವಾದವರ ಸಾಲಿನ ಪಕ್ಕ ಕೆಂಪು ಪೆನ್ನಿನಲ್ಲಿ ಒಂದು ಗೀಟು, ಗಂಟೆ ಇಷ್ಟು ಅಂತ. ಮುಂಜಾನೆ ಇನ್‌ಚಾರ್ಜ್ ಸಿಸ್ಟರ್ ಎರಡು ಪುಟ ತಿರುವಿದರೆ ಕೆಂಪು ಎಷ್ಟಿದೆ ಅಂತ ಕಾಣುತ್ತದೆ. ಎರಡು ಕಂಡರೆ ಡಾಕ್ಟರಿಗೆ ಫೋನ್. ಅದು ಆಗುತ್ತದೆ, ಅದಕ್ಕೆ ಅರ್ಧ ನಿಮಿಷವೂ ಬೇಡ ಅಂದಳು.

ಮತ್ತೆ ಜೊತೆಗಿದ್ದವರು? ಅವರಿಗೆ ಮಂಚದ ನಂಬರೇ ಇಲ್ಲವಲ್ಲ ಅಂತ ಕೇಳಿದೆ. ಪೇಷಂಟಿನ ನಂಬರಿನ ಮುಂದೆ ಒಂದು 'ಸಂ' ಹಾಕಿದರಾಯಿತು, ಸಂಬಂಧಿಕರು ಅಂತ, ಅಂದಳು. ಸ್ವಲ್ಪ ತಡೆದು ನಕ್ಕಳು. "ಹಂಗಾದ್ರ ನೀ ಹದಿನಾಲ್ಕು-ಸಂ."